ದೀಪಕ್ಕೆ ಅಡ್ಡ ಬಂದ ಗ್ರಹ

ಮಕ್ಕಳು ಚೆನ್ನಾಗಿ ಓದಲಿ ಎಂದು ಹರಸುವವರು, ಆ ಓದು ಅಡುಗೆಮನೆಯ ತನಕ ಬರದಿರಲಿ ಎಂದೂ ಸೇರಿಸಿ ಹರಸಬೇಕು. ನನ್ನ ಮಗಳು ಮೇಘಾ ಜಾದವ್‌ಪುರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಸೂರ್ಯನಿಗಿಂತ ತೀರ ಚಿಕ್ಕದಾದ, ಅಷ್ಟೊಂದು ಬಿಸಿಯಿಲ್ಲದ ಕೆಂಪು ನಕ್ಷತ್ರಗಳ ಸುತ್ತ ಭೂಮಿಗಿಂತ ಸ್ವಲ್ಪ ದಪ್ಪನೆಯ ಗ್ರಹಗಳೇನಾದರೂ ಇವೆಯೇ ಎಂದು ಹುಡುಕುವುದು ಅವಳ ಕೆಲಸ. ಅವು ಕುದಿಯಲೂಬಾರದು, ಹೆಪ್ಪುಗಟ್ಟಲೂಬಾರದು. ಅಲ್ಲಿ ನೀರು ನೀರಾಗಿಯೇ ಇರಬೇಕಂತೆ. ರೈಲ್ವೆ ಕಚೇರಿಯ ಗುಮಾಸ್ತನಾದ ನನಗೆ ಇದರಲ್ಲಿ ವಿಪರೀತ ಕುತೂಹಲ. ಊಟಕ್ಕೆ ಕೂತಾಗಲೆಲ್ಲ ಅವಳ ತಲೆ ತಿನ್ನುತ್ತೇನೆ. ರುಚಿಯಾದದ್ದು ಬೇರೇನನ್ನೂ ತಿನ್ನಲು ಬಿಡುವುದಿಲ್ಲ ಎಂಬುದೂ ಒಂದು ಕಾರಣ.

ರಕ್ತದಲ್ಲಿ ಸಕ್ಕರೆ ಕಂಡಾಗಿನಿಂದ ನನ್ನ ಹೆಂಡತಿ ವನಜಾ ಸಿಹಿಯನ್ನು ನಿಷೇಧಿಸಿದ್ದಾಳೆ. ಬಾಲಿಗಂಜ್‌ನಲ್ಲಿ ಮನೆ, ಚಳಿಗಾಲ, ಹೊಸ ಈಚಲ ಬೆಲ್ಲದ ಬಂಗಾಳಿ ಸಿಹಿ ಸಂದೇಶ್ ಮಗಳಿಗೆಂದು ಫ್ರಿಜ್ಜಿನಲ್ಲಿ ಕೂತಿದೆ, ಅಪ್ಪ ಮಾತ್ರ ಮುಟ್ಟಬಾರದು! ನಾನೊಂದು ದಾರಿ ಕಂಡುಕೊಂಡಿದ್ದೆ. ಮುಸ್ಸಂಜೆ, ಬೌದಿ ಎಂದು ಎಲ್ಲರೂ ಕರೆಯುವ ಕೆಳಗಿನ ಮನೆಯ ಬಂಗಾಳಿ ಹೆಂಗಸು ಶಂಖ ಊದಿದೊಡನೆ ವನಜಾ ಟ್ಯೂಬ್‌ಲೈಟ್ ಆರಿಸಿ, ದೇವರ ಗೂಡಿನಲ್ಲಿ ಪುಟ್ಟ ದೀಪ ಹಚ್ಚಿ, ಎದುರಿಗೆ ಕೂತು ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಾಳೆ. ಆ ಹೊತ್ತಿನಲ್ಲಿ ಬೇರೆ ಬೆಳಕು ಕೂಡದೆಂಬುದು ಅವಳ ಮೈಸೂರಿನ ತವರಿನ ಪದ್ಧತಿ. ದೀಪದ ಮುಂದಿನಿಂದಲೇ ಅಡುಗೆಮನೆಗೆ ದಾರಿ. ಬರಿಗಾಲಲ್ಲಿ ಹೋಗಿ, ಒಂದನ್ನು ಬಾಯಿಗೆ ಹಾಕಿಕೊಂಡು, ಸ್ತೋತ್ರ ಮುಗಿಯುವುದರೊಳಗೆ ಸ್ವಸ್ಥಾನ ಸೇರುತ್ತಿದ್ದೆ.

ಕಳೆದ ಭಾನುವಾರವೂ ಹಾಗೇ ಹೋಗಿಬಂದು ಕೂತಿದ್ದೆ. ಸ್ತೋತ್ರ ಮುಗಿಸಿ ಲೈಟು ಹಾಕಿದ ವನಜಾ ಮಗಳನ್ನು ಕೇಳಿದಳು: "ಅಷ್ಟು ದೂರದ ಗ್ರಹ ನಿಂಗೆ ಹೇಗೇ ಕಾಣತ್ತೆ?"

"ಕಾಣಲ್ಲ ಅಮ್ಮಾ. ಪ್ಲಾನೆಟ್ ಸ್ಟಾರ್ ಮುಂದೆ ಪಾಸ್ ಆದ್ರೆ ಲೈಟ್ ಸ್ವಲ್ಪ ಡಿಮ್ ಆಗತ್ತೆ. ಅಷ್ಟೇ. ಸ್ಟಾರ್ ಚಿಕ್ಕದಿದ್ರೆ ಈಸಿ."

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಸುಖಿ. ಆದರೆ ವಿಜ್ಞಾನ ನನ್ನ ಮೈಮೇಲೆ ಬಂದಿತ್ತು. ಟ್ಯೂಬ್‌ಲೈಟ್ ಆರಿಸಿ, ದೀಪದ ಮುಂದೆ ಗಂಭೀರವಾಗಿ ಹಾಯ್ದು, "ನೋಡು, ಪುಟ್ಟ ದೀಪವಾದ್ರೆ ಎಷ್ಟು ಕತ್ತಲಾಗತ್ತೆ! ಕಣ್ಣು ಮುಚ್ಕೊಂಡ್ರೂ ಗೊತ್ತಾಗತ್ತೆ, ಬೇಕಾದ್ರೆ ಮುಚ್ಕೊ" ಎಂದೆ. ವನಜಾ ಮುಚ್ಚಿಕೊಂಡಳು. ನಾನು ಮತ್ತೊಮ್ಮೆ ಹಾಯ್ದೆ.

"ಅಯ್ಯೋ, ಇದು ದಿನಾ ಆಗತ್ತಲ್ರೀ!" ಎಂದಳು.

"ಸೇಮ್ ಟೈಮ್‌ಗಾ?" ಮೇಘಾ ನೆಟ್ಟಗೆ ಕೂತಳು.

"ಹೂಂ ಕಣೇ. ಶಂಖ ಊದಿದ ಸ್ವಲ್ಪ ಹೊತ್ತಿಗೊಂದು, ಸ್ತೋತ್ರ ಮುಗಿಯೋ ಮುಂಚೆ ಇನ್ನೊಂದು. ಬತ್ತಿ ಸರಿಯಿಲ್ಲ ಅಂತ ಹೊಸದು ಹೊಸೆದು ಹಾಕಿದೆ, ಆದ್ರೂ ಹಾಗೇ."

"ಹಾಗಾದ್ರೆ ಸ್ಟಾರ್ ಪ್ರಾಬ್ಲಮ್ ಅಲ್ಲ" ಎಂದು ಮೇಘಾ ತೀರ್ಪು ಕೊಟ್ಟಳು. ಸ್ವಂತ ಅಪ್ಪ ಎಂಬ ಕರುಣೆಯೂ ಇಲ್ಲ. ಗ್ರಹ ಸಿಕ್ಕಮೇಲೆ ಅದರ ಅಂಚಿನ ಗಾಳಿಯನ್ನು ಹಾದುಬಂದ ಬೆಳಕಿನಿಂದ, ಆ ಗಾಳಿಯಲ್ಲಿ ಏನೇನಿದೆ ಎಂದೂ ಪತ್ತೆ ಮಾಡುತ್ತಾರಂತೆ. ವನಜಾಳಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ನನ್ನ ಮೀಸೆಯ ಹತ್ತಿರ ಮೂಗು ತಂದು, "ಈಚಲ ಬೆಲ್ಲ" ಎಂದಳು. ಆಮೇಲೆ ಬೇಸರದಿಂದ, "ಕೇಳಿದ್ರೆ ಕೊಡ್ತಿರ್ಲಿಲ್ವಾ?" ಎಂದಳು. ಕೊಡುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತು. ಆದರೂ ನನಗೆ ನಿಜಕ್ಕೂ ನಾಚಿಕೆಯಾಯಿತು. ಈ ಚಳಿಗಾಲದ ಸಂದೇಶ್ ಮುಗಿಯಿತು ಎಂಬ ದುಃಖವೂ ಆಯಿತು; ಯಾವುದು ಹೆಚ್ಚು ಎಂದು ಕೇಳಬೇಡಿ.

ಮರುದಿನ ಶಂಖ ಮೊಳಗಿತು, ದೀಪ ಹತ್ತಿತು. ನಾನು ಕುರ್ಚಿ ಬಿಟ್ಟು ಅಲುಗಲಿಲ್ಲ. ಸ್ತೋತ್ರ ನಡುವೆಯೇ ನಿಂತಿತು. ವನಜಾ ಒಂದು ಕಣ್ಣು ತೆರೆದು, "ಯಾಕ್ರೀ, ಮೈ ಹುಷಾರಿಲ್ವಾ?" ಎಂದಳು. ಆ ಆತಂಕ ಕಂಡು ಮನಸ್ಸು ಕರಗಿತು. ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಮೇಘಾ, "ಟೈಮ್‌ಗೆ ಬರ್ಲಿಲ್ಲ ಅಂದ್ರೆ ಅದು ಪ್ಲಾನೆಟ್ಟೇ ಅಲ್ಲ ಅಂತ" ಎಂದಳು.

ಮಗಳ ಶಾಸ್ತ್ರ ಸುಳ್ಳಾಗಬಾರದಲ್ಲ! ಎದ್ದು ಹೊರಟೆ. ಫ್ರಿಜ್ಜಿನಲ್ಲಿ, ನನ್ನ ಕೈಗೆ ಎಟುಕುವಲ್ಲೇ, ಬಟ್ಟಲೊಂದರಲ್ಲಿ ಸಂದೇಶ್ ಇತ್ತು, ಚಾಕುವಿನಿಂದ ನೀಟಾಗಿ ಕತ್ತರಿಸಿದ ಅರ್ಧ ತುಂಡು. ತಿಂದು ವಾಪಸು ದೀಪದ ಮುಂದೆ ಹಾಯ್ದಾಗ, ಗೋಡೆಯ ತುಂಬ ಬಿದ್ದ ನನ್ನ ಹೊಟ್ಟೆಯ ನೆರಳು ಮಾತ್ರ ಪೂರ್ತಿಯೇ ಇತ್ತು.