ಒತ್ತು ತಪ್ಪಿದ ನಾರ್ವೆ ಮಾತು

ಹೆಂಡತಿ ನಾರ್ವೆಯಲ್ಲಿ ನರ್ಸು, ಗಂಡ ಗಡಿಯಾಚೆಯ ಮೊಗುಡಂಪಲ್ಲಿಯಲ್ಲಿ ಕನ್ನಡ ಮಾಸ್ತರ ಅಂದಮೇಲೆ ಫೋನಿನಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ವಾಸದ ಪರವಾನಗಿ ಸಿಕ್ಕ ಕೂಡಲೇ ನಾನೂ ಅಲ್ಲಿಗೆ ಹೋಗಬೇಕು. ಅದಕ್ಕೇ ಅಲ್ಲಿನ ಭಾಷೆ ಕಲಿಯುತ್ತಿದ್ದೇನೆ. ಪದಗಳು ತಾಂಡೂರಿನ ಸಿಮೆಂಟ್ ಗೂಡ್ಸ್ ರೈಲಿನಷ್ಟು ಉದ್ದ. "ಡಬ್ಬಿ ಎಷ್ಟರ ಇರಲಿರಿ, ಜೋರು ಮೊದಲಿನ ಡಬ್ಬಿ ಮ್ಯಾಲೆ ಹಾಕ್ರಿ" ಎಂಬುದು ಅವಳ ಪಾಠ.

ಒಪ್ಪೊಲ್ಲ

ವಾಸದ ಪರವಾನಗಿಗೆ ಅಲ್ಲಿ 'ಒಪ್‌ಹೋಲ್ಸ್‌ತಿಲ್‌ಲಾತೆಲ್ಸೆ' ಅನ್ನುತ್ತಾರೆ. ಒಂದೇ ಉಸಿರಿಗೆ ಬರಲಿಲ್ಲ. ಮಾಳಿಗೆ ಮೇಲೆ ಅಡ್ಡಾಡುತ್ತ "ಒಪ್‌ಹೋಲ್ಸ್... ಒಪ್‌ಹೋಲ್ಸ್..." ಎನ್ನುತ್ತಿದ್ದೆ. ಕೆಳಗಿನಿಂದ ಅವ್ವ ಗಾಬರಿಯಾಗಿ ಕೂಗಿದಳು: "ಯಾರಪ್ಪಾ ಒಪ್ಪೊಲ್ಲರು? ಸೊಸಿ ಏನು?"

ಸಂಜೆಯೊಳಗೆ ನನ್ನ ಹೆಂಡತಿ ನನ್ನನ್ನು ಕರೆಸಿಕೊಳ್ಳಲು ಒಪ್ಪುತ್ತಿಲ್ಲ ಎಂದು ಓಣಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯ ಅಕ್ಕ ಜೋಳದ ರೊಟ್ಟಿ, ಎಣ್ಣೆಗಾಯಿ ತಂದು, "ಉಣ್ಣು ತಮ್ಮಾ, ಮನಸ್ಸು ಬದಲ್ ಆಗ್ತದ" ಎಂದಳು. ಹೆಂಡತಿ ಹೋದಮೇಲೆ ಅಂಥ ಎಣ್ಣೆಗಾಯಿ ಬಾಯಿಗೆ ಬಿದ್ದಿರಲಿಲ್ಲ. ನಿಜ ಸಂಗತಿಯನ್ನು ಉಂಡಾದಮೇಲೆ ಹೇಳಿದೆ.

ಬೀಡಿ

ಕೊಹೀರಿನ ಮಾವನವರು ಬಂದಿದ್ದರು. ಬೀಡಿಯಿಲ್ಲದೆ ಅವರಿಗೆ ಮಾತೇ ಹೊರಡದು. ವಿಡಿಯೋ ಕಾಲಿನಲ್ಲಿ ಹೆಂಡತಿ ತಾನಿರುವ ಕಟ್ಟಡದ ಬಾಗಿಲು ತೋರಿಸಿದಳು. ಅಲ್ಲಿದ್ದ ಫಲಕವನ್ನು ನಾನು ಮಾವನವರಿಗೆ ಜಂಬದಿಂದ ಓದಿ ಹೇಳಿದೆ: "ರೊಯ್ಕ್. ಫ್ರಿತ್."

"ಅಯ್ಯ, ಒಡೀಬ್ಯಾಡ್ರಿ!" ಅವಳು ಚೀರಿದಳು. "ಕೂಡಿಸಿ, ಮೊದಲಿಗೆ ಒತ್ತು ಕೊಟ್ರ ಇಲ್ಲಿ ಸೇದಬಾರದು ಅಂತ. ಒಡದು, ಎರಡಕ್ಕೂ ಒತ್ತು ಕೊಟ್ರ ಮನಸ್ಸು ಬಂದಂಗ ಸೇದು ಅಂತ!"

ಮಾವನವರು ಆಗಲೇ ಬೀಡಿ ಕಟ್ಟು ಬಿಚ್ಚಿದ್ದರು. "ಅಳಿಯಂದ್ರು ಓದಿದ್ದೇ ಬರೋಬರಿ ಅದ."

ಮನೆಯ ಹಂಬಲ

ಒಂದು ಭಾನುವಾರ ಸಂಜೆ ಅವಳ ದನಿ ಎಂದಿನಂತಿರಲಿಲ್ಲ. ನಾನು ಹಿತ್ತಲಿನಲ್ಲಿದ್ದೆ, ಅವ್ವ ಹಾಲು ಹಿಂಡುತ್ತಿದ್ದಳು. ಏನಾತು ಎಂದು ಕೇಳಿದರೆ, "ಏನಿಲ್ಲರಿ, ಹೊಸ ಪದ ಹೇಳ್ತೀನಿ" ಎಂದಳು. "ಯೆಮ್‌ಲೆಂಗ್ಸೆಲ್. ಯೆಮ್ ಅಂದ್ರ ಮನಿ, ಲೆಂಗ್ಸೆಲ್ ಅಂದ್ರ ಹಂಬಲ."

ನಾನೂ ಹೇಳಲು ಹೋದೆ. "ಯೆಮ್..." ಎಂದೆ. ಮುಂದೆ ಹೊರಡಲಿಲ್ಲ. ಮತ್ತೆ "ಯೆಮ್..." ಎಂದೆ.

ಅವ್ವ ಕೂತಲ್ಲಿಂದಲೇ ಕೂಗಿದಳು: "ಸೊಸಿ ಎಮ್ಮಿ ಸುದ್ದಿ ಕೇಳ್ತಾಳೇನು? ಛಲೋ ಅದವ್ವಾ, ಮೊನ್ನೆ ಈದದ! ತಡಿ, ನೀನೇ ಮಾತಾಡು!" ಎದ್ದುಬಂದು ಫೋನು ಕಸಿದು ಎಮ್ಮೆಯ ಮೂತಿಗೆ ಹಿಡಿದಳು. ಕರು ಕಣ್ಣಿಗೆ ಬೀಳದ ಸಿಟ್ಟೋ ಏನೋ, ಅದು 'ಯೆಮ್' ಎಂಬ ಮೊದಲ ಅಕ್ಷರವನ್ನೇ ಜಗ್ಗಿ ಜಗ್ಗಿ ಒದರಿತು.

ಆ ಕಡೆ ಅವಳು ಬಿದ್ದು ಬಿದ್ದು ನಕ್ಕಳು. ನಗು ಹಾಗೇ ಬಿಕ್ಕಾಯಿತು. ಆಮೇಲೆ ಮೂಗು ಏರಿಸುತ್ತ, "ಇನ್ನೊಂದು ಸಲ ಕೇಳಸ್ರಿ" ಎಂದಳು.

ನಾನು ಗಂಟಲು ಸರಿಮಾಡಿಕೊಂಡು, ಒತ್ತು ಸರಿಯಾಗಿ ಹಾಕಿ, "ಯೆಮ್‌ಲೆಂಗ್ಸೆಲ್" ಎಂದೆ.

"ನೀವಲ್ಲರಿ," ಎಂದಳು, "ಎಮ್ಮಿ."