ಒದ್ದೆ ಮನೆಯ ಒಂಟಿ ವೀರ

ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿದ್ದರೂ, ಗಂಡಸು ಒಬ್ಬನೇ ಮನೆ ನೋಡಿಕೊಳ್ಳಲಾರ ಎಂಬ ಅಪನಂಬಿಕೆ ಮಾತ್ರ ನಮ್ಮ ಅಗ್ರಹಾರ ಬಿಟ್ಟು ತೊಲಗಿರಲಿಲ್ಲ. ಅದನ್ನು ಓಡಿಸುವ ಪುಣ್ಯಕಾರ್ಯಕ್ಕೆ ನಾನೇ ಟೊಂಕ ಕಟ್ಟಿದೆ! ದೀಪ ಹಚ್ಚುವ ಹೊತ್ತಿಗೆ ತಂಗಿಯ ಮನೆಗೆಂದು ನಂಜನಗೂಡಿಗೆ ಹೊರಟ ನನ್ನ ಹೆಂಡತಿ ಪಂಕಜಾ ಹೊಸ್ತಿಲಲ್ಲಿ ನಿಂತು, "ನಾಳೆ ಸಂಜೆ ಬಂದ್ಬಿಡ್ತೀನಿ. ಅಲ್ಲೀವರ್ಗೂ ಮನೆ ನಿಂತಿರತ್ತೆ ತಾನೆ?" ಎಂದಳು.

"ನೀನಿಲ್ದಿದ್ರೆ ಇನ್ನೂ ಚೆನ್ನಾಗಿ ನಿಂತಿರತ್ತೆ" ಎಂದೆ.

ಮನೆಯೇನೋ ನಿಂತಿತ್ತು, ಒಳಗೆ ನೀರೂ ನಿಂತಿತ್ತು. ರಾತ್ರಿ ನಲ್ಲಿ ತಿರುಗಿಸಿದಾಗ ನೀರು ಬಾರದ್ದರಿಂದ ಅದನ್ನು ಹಾಗೇ ತೆರೆದಿಟ್ಟು ಮಲಗಿದ್ದೆ. ಬೆಳಗಿನ ಜಾವ ನೀರು ಬಂದಿತ್ತು. ಬಚ್ಚಲ ತೂಬಿಗೆ ನಾನು ಮೈ ಒರೆಸಿಕೊಳ್ಳುವ ಚೌಕವೇ ಸಿಕ್ಕಿಕೊಂಡಿತ್ತು. ಮಂಚದಿಂದ ಕಾಲಿಳಿಸಿದರೆ ಕಾವೇರಿ ಸ್ನಾನ! ಪಂಕಜಾ ನೆಲದ ಮೇಲೆ ಸುತ್ತಿಟ್ಟಿದ್ದ ತವರಿನ ಹತ್ತಿ ಹಾಸಿಗೆ ನೀರು ಕುಡಿದು ಎಮ್ಮೆಗರುವಿನಷ್ಟು ಭಾರವಾಗಿತ್ತು. ಅವಳ ಸೀರೆಯ ಪೆಟ್ಟಿಗೆಯೊಳಗೂ ನೀರು ನುಗ್ಗಿತ್ತು.

ಅವಳು ಬರುವುದರೊಳಗೆ ಗುರುತು ಸಿಗದಂತೆ ಎಲ್ಲ ಒಣಗಬೇಕು. ಇಲ್ಲದಿದ್ದರೆ ಈ ಜನ್ಮದಲ್ಲಿ ಅವಳೆದುರು ತಲೆ ಎತ್ತುವಂತಿಲ್ಲ. ಬರಿಮೈಯಲ್ಲಿ, ಒದ್ದೆ ಪಂಚೆಯಲ್ಲಿ ನೀರು ತೋಡಿ ಚೆಲ್ಲಿದೆ. ನೆಲವೆಲ್ಲ ತೊಳೆದೆ. ಹಾಸಿಗೆಯನ್ನು ಜಗಲಿಗೆ ಎಳೆದು ಹಾಕಿದೆ. ಸೀರೆಗಳನ್ನು ಬೀದಿಯುದ್ದಕ್ಕೂ ಹರವಿದೆ. ಕೋಣೆಗಳಿಗೆ ಶಾಖ ಕೊಡೋಣವೆಂದು ಬಾಗಿಲ ಮುಂದೆ ಬೆರಣಿ ಹೊತ್ತಿಸಿ ಕೆಂಡ ಮಾಡುತ್ತ ಕುಳಿತೆ. ರಂಗೋಲಿಗೆ ಪುರುಸೊತ್ತು ಯಾರಿಗಿತ್ತು?

ಎದುರುಮನೆಯ ಶಾಮಣ್ಣನವರು ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತರು.

"ಯಾವಾಗ ಆಯ್ತು ರಾಯರೇ?"

"ಬೆಳಗಿನ ಜಾವ. ನಿದ್ದೇಲಿ ಗೊತ್ತೇ ಆಗ್ಲಿಲ್ಲ."

"ಎಲ್ಲಾ ಮುಗೀತಾ?"

"ನೀವೆಲ್ಲ ಏಳೋ ಹೊತ್ತಿಗೆ ಹೊರಗೆ ಸಾಗಿಸ್ಬಿಟ್ಟೆ. ಒಬ್ಬನೇ!"

"ಅವರ ತವರಿನವರಿಗೆ...?"

"ಅಯ್ಯೋ, ಹೇಳ್ಬಿಟ್ಟೀರಿ. ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಾರಾ?"

ಶಾಮಣ್ಣನವರು ನನ್ನ ಮುಖವನ್ನೇ ನೋಡಿದರು. 'ಬರ್ತೀನಿ' ಎಂದೂ ಹೇಳದೆ ಎದ್ದುಹೋದರು. ಆಮೇಲೆ ಬೀದಿಯ ನಾಲ್ಕಾರು ಮಂದಿ ಬಂದರು, ಮಾತಿಲ್ಲದೆ ಕುಳಿತರು, ಹೇಳದೆ ಹೋದರು. ಹಾಸಿಗೆ ಹಿಂಡಲು ಒಬ್ಬರೂ ಕೈ ಹಾಕಲಿಲ್ಲ. ನನಗೆ ರೇಗಿಹೋಯಿತು.

ಶಾಮಣ್ಣನವರ ಹೆಂಡತಿ ಸುಂದರಮ್ಮ ಮಾತ್ರ ಮಧ್ಯಾಹ್ನ ಅನ್ನ, ಹುಳಿ ತಂದು ಎಲೆ ಹಾಕಿದರು. ಬಡಿಸುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆರಣಿಯ ಹೊಗೆಯಿರಬೇಕೆಂದುಕೊಂಡೆ.

"ಹುಳಿ ಬಹಳ ಸೊಗಸಾಗಿದೆ. ಇನ್ನೊಂದು ಸೌಟು ಬಿಡಿ" ಎಂದೆ.

ಆಗಲೇ ಬಾಗಿಲಿಗೆ ಜಟಕಾ ಬಂದು ನಿಂತಿತು. ಹೇಳಿದ್ದಕ್ಕಿಂತ ಮುಂಚೆಯೇ ಪಂಕಜಾ ಬಂದಿದ್ದಳು. ಸುಂದರಮ್ಮನ ಕೈಯಿಂದ ಹುಳಿಯ ಪಾತ್ರೆ ಜಾರಿ, ತೊಳೆದ ನೆಲವೆಲ್ಲ ಮತ್ತೆ ಒದ್ದೆಯಾಯಿತು.

"ನೀವು ತೀರ್ಕೊಂಡ್ರಿ ಅಂತ ಬೆಳಿಗ್ಗೆಯಿಂದ ಬೀದಿಗೆ ಬೀದೀನೇ ಅಳ್ತಿದೆ ಕಣಮ್ಮ!" ಎಂದರು. "ನೀವು ಊರಿಗೆ ಹೋಗಿದ್ದು ನಮಗೇನು ಗೊತ್ತು? ಬಾಗಿಲಲ್ಲಿ ಬೆಂಕಿ, ರಂಗೋಲಿ ಇಲ್ಲ, ನಿಮ್ಮ ಹಾಸಿಗೆ ಹೊರಗೆ, ರಾಯರು ಒದ್ದೆ ಪಂಚೇಲಿ... ಇನ್ನೇನು ಅಂದ್ಕೊಳೋದು?"

ಪಂಕಜಾ ಹಾಸಿಗೆ ಮುಟ್ಟಿ ನೋಡಿದಳು. ಸೀರೆಗಳನ್ನು ನೋಡಿದಳು. ಹುಳಿಯನ್ನದ ಎಲೆಯ ಮುಂದೆ ಕುಳಿತಿದ್ದ ನನ್ನನ್ನೂ ನೋಡಿದಳು. ಕ್ಷಮೆ ಕೇಳಲು ಬಾಯಿ ತೆರೆದೆ. ಅದರ ತುಂಬ ಅನ್ನವಿತ್ತು.

"ಇರ್ಲಿ ಬಿಡಿ, ಮನೆ ನಾಳೆ ಒಣಗತ್ತೆ" ಎಂದಳು ಅವಳು. "ನಾನು ಸತ್ತ ದಿನ ಈ ಮನೇಲಿ ಒಣಗಿದ್ದದ್ದು ನಿಮ್ಮ ಕಣ್ಣೊಂದೇ."