ಅಜ್ಜಂದಿರು ಊಟ ಬಿಟ್ಟೇಳಲಿಲ್ಲ

ಜಗಳ ಶುರುವಾದದ್ದು ಒಂದು ಚಿಟಿಕೆ ಉಪ್ಪಿನಿಂದ. ಹಬ್ಬದ ಹಿಂದಿನ ದಿನ ಊಟಕ್ಕೆ ಕೂತ ಫಾಂಗ್ ಗಿಮ್‌ಸುಯಿ, ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದದ್ದನ್ನೇ ಮತ್ತೆ ಹೇಳಿದ: "ಉಪ್ಪು ಒಂಚೂರು ಕಮ್ಮಿ ಕಣೇ." ಹೆಂಡತಿ ಸುಕ್‌ಮೋಯ್ ಕೈಲಿದ್ದ ಬಟ್ಟಲು ಕೆಳಗಿಟ್ಟಳು.

"ನಾಳೆ ಯಿಮಿನ್ ಅಜ್ಜಂದಿರಿಗೆ ಬುತ್ತಿ ಹೊರೋ ಸರದಿ ನಮ್ಮನೇದು. ಅಡುಗೆ ನೀವೇ ಮಾಡಿ. ಹನ್ನೆರಡು ಗಂಟೆಯೊಳಗೆ ಅಜ್ಜಂದಿರು ಉಂಡಾಯ್ತು ಅಂದ್ರೆ, ನಿಮ್ಮ ಕೈಯೇ ಮೇಲು ಅಂತ ಓಣಿಯೋರ ಮುಂದೆಲ್ಲ ಒಪ್ಕೋತೀನಿ. ಅನ್ನದಿದ್ರೆ, ಸಾಯೋತನಕ ಬಟ್ಟಲ ಮುಂದೆ ನಿಮ್ಮ ಬಾಯಿ ತಿನ್ನೋಕೆ ಮಾತ್ರ ತೆರೀಬೇಕು."

"ಆಗ್ಲಿ ಬಿಡು," ಅಂದ ಗಿಮ್‌ಸುಯಿ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಆಸಾಮಿ. ಹಟಕ್ಕೆ ಬಿದ್ದರೆ ಅವನಲ್ಲಿ ರಿವರ್ಸ್ ಗೇರ್ ಇರಲಿಲ್ಲ.

ಯಿಮಿನ್ ಅಜ್ಜಂದಿರೆಂದರೆ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಊರು ಕಾಯಲು ಕೈಗೆ ಸಿಕ್ಕ ಕತ್ತಿ, ದೊಣ್ಣೆ ಹಿಡಿದು ಹೋಗಿ, ಹೆಣವಾಗಿ ಮರಳಿದ ಹಕ್ಕಾ ಜನಾಂಗದ ರೈತರು. ಸಿನ್‌ಪು ಊರಿನವರಿಗೆ ಅವರು ದೇವರಿಗಿಂತ ಮನೆಯ ಹಿರಿಯರೇ ಹೆಚ್ಚು. ಪ್ರತಿ ವರ್ಷ ಏಳನೆಯ ತಿಂಗಳ ಹಬ್ಬಕ್ಕೆ, ಮನೆಗೊಂದು ದಿನದಂತೆ, ಎರಡು ಬುಟ್ಟಿ ತೂಗಿಸಿದ ಅಡ್ಡೆ ಹೊತ್ತು ಅವರ ಗುಡಿಗೆ ಊಟ ಒಯ್ಯಬೇಕು. ಅವರು ಉಂಡಾಯಿತೆಂದು ಅಪ್ಪಣೆ ಕೊಡುವ ತನಕ ಒಂದು ಬಟ್ಟಲನ್ನೂ ಎತ್ತುವಂತಿಲ್ಲ.

ಬೆಳಿಗ್ಗೆ ಮೊದಲ ಪಾತ್ರೆ ಅನ್ನ ತಳ ಹಿಡಿಯಿತು. ಎರಡನೆಯದು ಗಂಜಿಯಾಯಿತು. ಮೂರನೆಯದನ್ನು ಗಿಮ್‌ಸುಯಿ ಒಲೆಯ ಮುಂದೆ ಕಾವಲು ನಿಂತು ಇಳಿಸಿದ. ಕೋಳಿ ಬೇಯಿಸಿದ, ಒಣಗಿಸಿದ ಸಾಸಿವೆ ಸೊಪ್ಪು ಹಾಕಿ ಹಂದಿಮಾಂಸ ಬಾಡಿಸಿದ, ಎಲ್ಲವನ್ನೂ ಎರಡು ಬುಟ್ಟಿಗಳಿಗೆ ತುಂಬಿ ಹೆಗಲಿಗೇರಿಸಿದ. ಸುಕ್‌ಮೋಯ್ ಕೊಡೆ ಬಿಚ್ಚಿಕೊಂಡು ಹಿಂದೆ ನಡೆದಳು. ಪಂಥದ ಸುದ್ದಿ ಓಣಿಯಲ್ಲಿ ಅವರಿಗಿಂತ ಮೊದಲೇ ಎದ್ದಿದ್ದರಿಂದ, ಗುಡಿ ಮುಟ್ಟುವಷ್ಟರಲ್ಲಿ ಹಿಂದೆ ಒಂದು ಮದುವೆ ದಿಬ್ಬಣದಷ್ಟು ಜನ.

ಹತ್ತೂವರೆಗೆ ಊಟ ಬಡಿಸಿ, ಊದುಬತ್ತಿ ಹಚ್ಚಿ, ಗಿಮ್‌ಸುಯಿ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಕೈಗೆತ್ತಿಕೊಂಡ. ಬಿದ್ದಾಗ ಒಂದು ಬೋರಲು, ಒಂದು ಅಂಗಾತ ಆದರೆ ಹೌದು. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತವಾದರೆ ಅಜ್ಜಂದಿರು ನಗುತ್ತಿದ್ದಾರೆಂದು ಅರ್ಥ.

"ಅಜ್ಜಂದಿರೇ, ಊಟ ಆಯ್ತಾ?"

ಎರಡೂ ಬೋರಲು.

"ಹೆಂಡ ಇಡದೆ ಊಟ ಆಯ್ತಾ ಅಂದ್ರೆ ಏನನ್ನಬೇಕು ಅವರು?" ಅಂದ ಕಬ್ಬಿಣದಂಗಡಿ ಲಿಯಾಂಗ್. ಗಿಮ್‌ಸುಯಿ ಓಡಿಹೋಗಿ ಅಕ್ಕಿಹೆಂಡ ತಂದ. ಮತ್ತೆ ಬೋರಲು.

"ಕೋಳಿ ಪಕ್ಕ ಕಿತ್ತಳೆ ಗೊಜ್ಜೆಲ್ಲಿ? ನಿಮ್ಮಮ್ಮ ಇದ್ದಿದ್ರೆ ಬೆನ್ನಿಗೆ ಬಿಡೋರು," ಅಂದಳು ಪಕ್ಕದ ಮನೆಯ ಯಾಪ್ ಅಜ್ಜಿ. ಅದನ್ನೂ ತಂದ. ಈ ಸಲ ಎರಡೂ ಅಂಗಾತ.

"ನಗ್ತಿದಾರೆ ಕಣೋ," ಅಂದ ಲಿಯಾಂಗ್.

"ನಗ್ಲಿ. ನಗ್ತಾ ಉಣ್ಣಲಿ."

ಹತ್ತೇ ಜೊತೆ ಊಟದ ಕಡ್ಡಿ ಇಟ್ಟರೆ ಇಷ್ಟೊಂದು ಜನ ಅಜ್ಜಂದಿರಿಗೆ ಸಾಲುವುದು ಹೇಗೆಂದು ಇನ್ಯಾರೋ ಕೇಳಿದರು. ಅಂಗಡಿಯಲ್ಲಿದ್ದ ಕಡ್ಡಿಯೆಲ್ಲ ಬಂತು. ಚಹಾ ಬಂತು. ಅಂಗಿ ಬೆನ್ನಿಗಂಟಿತು, ಮೊಣಕಾಲು ಕೆಂಪಾಯಿತು. ಒಂಬತ್ತು ಸಲ ಎಸೆದ, ಒಂಬತ್ತು ಸಲವೂ ಅಜ್ಜಂದಿರು ಒಪ್ಪಲಿಲ್ಲ. ಗಿಮ್‌ಸುಯಿಗೆ ನಿಜಕ್ಕೂ ಅಳು ಬರುವಂತಾಗಿತ್ತು, ಆದರೆ ಸೋಲುವುದು ಮಾತ್ರ ಅವನಿಂದಾಗದು. ಹನ್ನೆರಡಕ್ಕೆ ಇನ್ನು ಹತ್ತು ನಿಮಿಷ.

ಕೊಡೆಯ ನೆರಳಲ್ಲಿ ಕೂತಿದ್ದ ಸುಕ್‌ಮೋಯ್ ಎದ್ದು ಬಂದಳು. "ಆಯ್ತಾ ಆಯ್ತಾ ಅಂತ ಯಾಕ್ರೀ ಅವರ ಜೀವ ತಿಂತೀರಿ? ರುಚಿ ಹತ್ತಿ ಏಳೋಕೆ ಮನಸಿಲ್ವೇನೋ, ಹಾಗೆ ಕೇಳಿ."

ಗಿಮ್‌ಸುಯಿ ಹೆಂಡತಿಯ ಮುಖವನ್ನು ಅನುಮಾನದಿಂದ ನೋಡಿ, ಹಾಗೆಯೇ ಕೇಳಿ ಎಸೆದ. ಒಂದು ಬೋರಲು, ಒಂದು ಅಂಗಾತ. ಎರಡನೆಯ ಸಲವೂ ಹೌದು. ಮೂರನೆಯ ಸಲವೂ ಹೌದು.

"ಮೂರು ಸಲ ಬಿತ್ತು ಅಂದ್ರೆ ಮುಗೀತು, ಇನ್ನು ಎರಡು ಮಾತಿಲ್ಲ," ಎಂದರು ಗುಡಿಯ ಯಜಮಾನರಾದ ಫಾಮ್ ತಾತ. "ಪ್ರತಿ ವರ್ಷ ನಾನೇ ಅಡುಗೆ ಮಾಡ್ತೀನಿ ಅಂತ ಮಾತು ಕೊಡಪ್ಪ, ಸಮಾಧಾನವಾಗಿ ಏಳ್ತಾರೆ."

"ಕೊಟ್ಟೆ," ಅಂದ ಗಿಮ್‌ಸುಯಿ, ಯೋಚಿಸಲು ಪುರಸೊತ್ತಿಲ್ಲದೆ. ಎಸೆದ. ಊಟ ಆಯಿತೆಂದು ಅಪ್ಪಣೆ ಬಂತು. ಹನ್ನೆರಡಕ್ಕೆ ಇನ್ನೂ ಎರಡು ನಿಮಿಷವಿತ್ತು.

ಜನ ಚಪ್ಪಾಳೆ ತಟ್ಟಿದರು. ಗಿಮ್‌ಸುಯಿ ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ. ಅವಳು ಒಂದಿಷ್ಟೂ ಬೇಸರವಿಲ್ಲದೆ ಕೈ ಮುಗಿದಳು.

"ಸೋತೆ ಕಣ್ರೀ. ಇವರ ಕೈಯೇ ಮೇಲು, ಎಲ್ಲರೂ ಕೇಳಿಸ್ಕೊಳ್ಳಿ. ಇಪ್ಪತ್ತಾರು ವರ್ಷ ಈ ಅಡ್ಡೆಗೆ ಅಂತ ಕೋಳಿ ಕೂಗೋ ಮೊದಲೇ ಎದ್ದಿದ್ದೀನಿ. ಅಜ್ಜಂದಿರು ಇವತ್ತು ನನ್ನ ಬಿಡಿಸಿದ್ರು." ಹಾಗೆಂದವಳೇ ಬಗ್ಗಿ ಮರದ ತುಂಡುಗಳನ್ನು ಎತ್ತಿಕೊಂಡಳು. "ಇನ್ನೊಂದೇ ಮಾತು, ಅಜ್ಜಂದಿರೇ. ವರ್ಷಕ್ಕೊಂದು ದಿನ ಒಲೆ ಮುಟ್ಟಿದ್ರೆ ಇಂಥ ಕೈ ಕೆಟ್ಟುಹೋಗಲ್ವಾ? ದಿನಾ ಮನೇಲಿ ಅಭ್ಯಾಸ ಮಾಡ್ಲಿ ಅಂತೀರಾ?"

ಹೌದು. ಹೌದು. ಮೂರನೆಯ ಸಲವೂ ಹೌದು.

ಗಿಮ್‌ಸುಯಿ ಮೆಲ್ಲಗೆ ಕೇಳಿದ: "ತಾತ, ಇದರಲ್ಲಿ ಬೆಳಗಿನ ತಿಂಡೀನೂ ಸೇರುತ್ತಾ?"

"ನನಗೇನು ಗೊತ್ತಪ್ಪ, ಅವರನ್ನೇ ಕೇಳು," ಎಂದು ಫಾಮ್ ತಾತ ಮರದ ತುಂಡುಗಳನ್ನು ಅವನ ಮುಂದೆ ಹಿಡಿದರು.

ಗಿಮ್‌ಸುಯಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.